ಹೂದಾನಿಯ ಹೂಗಳ ಆರೈಕೆ

ಕಾಂಡಸಮೇತ ಕೊಯ್ದ ಹೂವನ್ನು ನೀರು ತುಂಬಿದ ಪಾತ್ರೆಯಲ್ಲಿ ನಿಲ್ಲಿಸಿ, ಆದಷ್ಟು ದಿನ ಬಾಡದಂತೆ ನೋಡಿಕೊಳ್ಳುವ ಕ್ರಮ. ತೋಟಗಾರಿಕೆ ವಿಜ್ಞಾನದಲ್ಲಿ ಇದು ಕೊಯ್ಲೋತ್ತರ ನಿರ್ವಹಣೆಯ ಒಂದು ಭಾಗ. ಹೂವನ್ನು ನೀರಿಗಿಟ್ಟ ಗಳಿಗೆಯಿಂದ ಅದು ಎತ್ತಿ ಎಸೆಯುವ ಸ್ಥಿತಿಗೆ ಬರುವವರೆಗಿನ ಅವಧಿಯೇ ಹೂದಾನಿ ಬಾಳಿಕೆ. ಪ್ರಯೋಗಾಲಯಗಳಲ್ಲಿ ಇದನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 60ರಷ್ಟು ಆರ್ದ್ರತೆ ಮತ್ತು ದಿನಕ್ಕೆ 12 ಗಂಟೆ ಬೆಳಕಿರುವ ಕೋಣೆಯಲ್ಲಿ ಅಳೆಯುತ್ತಾರೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅಂಥ ಕೋಣೆ ಯಾರ ಮನೆಯಲ್ಲೂ ಇರುವುದಿಲ್ಲ. ಆದ್ದರಿಂದ ಪುಸ್ತಕಗಳಲ್ಲಿ ಕಾಣುವ ದಿನಗಳ ಲೆಕ್ಕವನ್ನು ಓದುಗರು ತಮ್ಮ ಊರಿನ ಬಿಸಿಲಿಗೆ ತಕ್ಕಂತೆ ಇಳಿಸಿಕೊಳ್ಳಬೇಕು.

ಒಳ್ಳೆಯ ಆರೈಕೆಯಲ್ಲಿ ಗುಲಾಬಿ, ಗ್ಲಾಡಿಯೋಲಸ್ ಮತ್ತು ಸುಗಂಧರಾಜ ಒಂದು ವಾರದ ಆಸುಪಾಸು, ಜರ್ಬೆರಾ 7ರಿಂದ 10 ದಿನ, ಕಾರ್ನೇಷನ್ ಹಾಗೂ ಉದ್ದ ಕಡ್ಡಿಯ ಸೇವಂತಿಗೆ ಎರಡು ವಾರ ನಿಲ್ಲುತ್ತವೆ. ಆಂಥೂರಿಯಂ ಮೂರು ವಾರ ದಾಟುವುದೂ ಉಂಟು. ತಾವರೆಯದು ಎರಡು ಮೂರು ದಿನದ ಮಾತು. ಒಂದೇ ಕಟ್ಟಿನಿಂದ ಬಿಚ್ಚಿದ ಹೂಗಳು ಒಂದು ಮನೆಯಲ್ಲಿ ಮೂರು ದಿನಕ್ಕೆ ತಲೆ ಬಾಗಿಸಿ, ಪಕ್ಕದ ಮನೆಯಲ್ಲಿ ಎಂಟು ದಿನ ನಿಂತರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಅಂತರದ ಬಹುಪಾಲು ಕಾರಣ ಕಡ್ಡಿಯ ಕೆಳತುದಿಯ ಒಂದೆರಡು ಅಂಗುಲದಲ್ಲೇ ಇರುತ್ತದೆ.

ಹಿನ್ನೆಲೆ

ನೀರಿನ ಕುಂಭದಿಂದ ಮೇಲೆದ್ದ ತಾವರೆಗಳ ಪೂರ್ಣಘಟ ಸಾಂಚಿ, ಭಾರ್ಹುತ್‌ಗಳ ಶಿಲ್ಪದಲ್ಲೇ ಇದೆ. ಆದರೂ ನಮ್ಮ ದಿನಬಳಕೆಯ ಹೂವಿನ ಸಂಸ್ಕೃತಿ ಬೆಳೆದದ್ದು ಬಿಡಿ ಹೂವಿನ ಸುತ್ತ: ಮುಡಿಗೆ, ಮಾಲೆಗೆ, ಪೂಜೆಗೆ. ಬೆಳಿಗ್ಗೆ ಏರಿಸಿದ ಹೂ ಮರುದಿನ ನಿರ್ಮಾಲ್ಯ. ಹೂ ವಾರಗಟ್ಟಲೆ ಉಳಿಯಬೇಕು ಎಂಬ ಬಯಕೆಗೇ ಅಲ್ಲಿ ಜಾಗವಿರಲಿಲ್ಲ. ಹಾಗೆಂದು ಹೂ ಕಾಪಾಡುವ ವಿದ್ಯೆ ಇಲ್ಲದೆ ಇರಲಿಲ್ಲ. ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತುವುದು, ಬಾಳೆನಾರಿನಲ್ಲಿ ಕಟ್ಟುವುದು, ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸುವುದು ಇವೆಲ್ಲ ಹೂವಿನ ಸುತ್ತಲ ಗಾಳಿಯನ್ನು ತಂಪಾಗಿ, ತೇವವಾಗಿ ಇಡುವ ಉಪಾಯಗಳೇ. ಬುಡದಿಂದ ನೀರು ಕುಡಿಯಲಾರದ ಹೂವಿಗೆ ಇದಕ್ಕಿಂತ ಸರಿಯಾದ ದಾರಿಯನ್ನು ಇಂದಿನ ವಿಜ್ಞಾನವೂ ಸೂಚಿಸುವುದಿಲ್ಲ.

ಕಡ್ಡಿಯ ಹೂವನ್ನು ನೀರಿಗಿಡುವುದನ್ನೇ ಸಾಧನೆಯಾಗಿ ಮಾಡಿಕೊಂಡವರು ಜಪಾನಿಯರು. ಕ್ಯೋಟೋದ ರೊಕ್ಕಾಕುಡೋ ದೇವಾಲಯಕ್ಕೆ ಸೇರಿದ ಇಕೆನೊಬೊ ಪರಂಪರೆಯಿಂದ ಇಕೆಬಾನ ಬೆಳೆಯಿತು. ಹೂ ಜೋಡಿಸುವ ಮುನ್ನ ಅದು ನೀರು ಎಳೆಯುವಂತೆ ಮಾಡುವ ‘ಮಿಜುಅಗೆ’ ಅಲ್ಲಿ ಪ್ರತ್ಯೇಕ ಪಾಠ. ಕಡ್ಡಿಯನ್ನು ನೀರೊಳಗೇ ಕತ್ತರಿಸುವ ‘ಮಿಜುಕಿರಿ’ ಅದರ ಮೊದಲ ಹೆಜ್ಜೆ. ತುದಿಯನ್ನು ಸುಡುವುದು, ಕುದಿನೀರಿನಲ್ಲಿ ಅದ್ದುವುದು, ತಾವರೆಯ ದಂಟಿಗೆ ಪಂಪಿನಿಂದ ನೀರು ತುಂಬುವುದು ಮುಂದಿನವು.

ಕರ್ನಾಟಕದಲ್ಲಿ ಕಡ್ಡಿ ಹೂವಿನ ಅಭಿರುಚಿಯನ್ನು ಬೆಳೆಸಿದ್ದು ಮುಖ್ಯವಾಗಿ ಬೆಂಗಳೂರಿನ ಲಾಲ್‌ಬಾಗ್. ಅಲ್ಲಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯಕ್ಕೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಜೊತೆಗೆ ಇಕೆಬಾನ, ಒಣ ಹೂಗಳ ಜೋಡಣೆ ಮುಂತಾದ ಸ್ಪರ್ಧೆಗಳು ಇರುತ್ತವೆ. ಹೂಗಳಿಂದ ಕಟ್ಟಿದ ದೊಡ್ಡ ಮಾದರಿಗಳಿಗೆ ಪ್ರದರ್ಶನದ ನಡುವೆಯೇ ಹೊಸ ಹೂ ತುಂಬಿಸಬೇಕಾಗುತ್ತದೆ ಎಂಬುದೇ ಗುಲಾಬಿಯ ಬಾಳಿಕೆಯ ಮಿತಿಯನ್ನು ತಿಳಿಸುತ್ತದೆ. ಬೆಂಗಳೂರು, ದೊಡ್ಡಬಳ್ಳಾಪುರ, ಗಡಿಯಾಚೆಯ ಹೊಸೂರುಗಳ ಸುತ್ತ ಪಾಲಿಹೌಸ್‌ಗಳು ಎದ್ದ ಮೇಲೆ ಗುಲಾಬಿ, ಜರ್ಬೆರಾ, ಕಾರ್ನೇಷನ್ ಮಧ್ಯಮವರ್ಗದ ಮನೆಗೂ ಬಂದವು. ಹೆಬ್ಬಾಳದ ಹರಾಜು ಕೇಂದ್ರದಲ್ಲಿ ಡಚ್ಚರ ಮಾದರಿಯಲ್ಲಿ ಹೂ ಬಿಕರಿಯಾಗತೊಡಗಿತು. ಪ್ರೇಮಿಗಳ ದಿನಕ್ಕೆ ಹೊರದೇಶಕ್ಕೆ ಹೋಗುವ ಕೆಂಪು ‘ತಾಜ್‌ಮಹಲ್’ ಗುಲಾಬಿ ಈ ಭಾಗದ ಹೆಸರಾಂತ ತಳಿ. ಇಷ್ಟಾದರೂ ಹೂ ಮಾರುವ ಅಂಗಡಿಯಲ್ಲಿ ಬೊಕೆ ಕಟ್ಟಿಕೊಡುವವರು ಅದನ್ನು ಹೇಗೆ ಇಡಬೇಕೆಂದು ಹೇಳಿಕೊಡುವುದು ಅಪರೂಪ.

ಹೂ ಬಾಡುವುದೇಕೆ

ಗಿಡದಲ್ಲಿ ನೀರು ಕ್ಸೈಲಂ ಎಂಬ ಸೂಕ್ಷ್ಮ ನಾಳಗಳ ಮೂಲಕ ಮೇಲೇರುತ್ತದೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆ ಮೇಲಿನಿಂದ ಎಳೆತ ಉಂಟಾಗಿ, ನೀರಿನ ಸ್ತಂಭ ತುಂಡಾಗದೆ ಮೇಲೆ ಬರುತ್ತದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕತ್ತರಿಸಿದ ಕೊಂಬೆಗಳನ್ನು ಎಲೆ ಸಹಿತವಾಗಿಯೂ ಎಲೆ ತೆಗೆದೂ ನೀರಿನಲ್ಲಿಟ್ಟು ಎಷ್ಟು ಕುಡಿಯುತ್ತವೆ ಎಂದು ಅಳೆದ ವಿವರಗಳಿವೆ. ಒಂದು ಅರ್ಥದಲ್ಲಿ ಅವು ಹೂದಾನಿಯ ಮೊದಲ ಪ್ರಯೋಗಗಳು. ಈ ಎಳೆತಕ್ಕೆ ಸರಿಯಾದ ವಿವರಣೆ ಕೊಟ್ಟವರು ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ, 1894ರಲ್ಲಿ.

ಕಡ್ಡಿಯನ್ನು ಗಾಳಿಯಲ್ಲಿ ಕತ್ತರಿಸಿದಾಗ ಎಳೆತದಲ್ಲಿದ್ದ ನೀರು ಸರ್ರನೆ ಮೇಲಕ್ಕೆ ಸರಿದು, ತೆರೆದ ನಾಳಗಳೊಳಗೆ ಗಾಳಿ ನುಗ್ಗುತ್ತದೆ. ಎಳನೀರು ಕುಡಿಯುವ ಕೊಳವೆಯಲ್ಲಿ ಗಾಳಿ ಸೇರಿಕೊಂಡಂತೆ, ಆಮೇಲೆ ಎಷ್ಟು ಎಳೆದರೂ ಧಾರೆ ಕೂಡುವುದಿಲ್ಲ. ಅದೃಷ್ಟಕ್ಕೆ ಗಾಳಿ ಕತ್ತರಿಸಿದ ನಾಳ ಮುಗಿಯುವವರೆಗೆ ಮಾತ್ರ ಹೋಗುತ್ತದೆ. ಆ ತುಂಡನ್ನು ಕತ್ತರಿಸಿ ಹಾಕಿದರೆ ದಾರಿ ಮತ್ತೆ ತೆರೆಯುತ್ತದೆ. ಹೂ ಮನೆಗೆ ಬಂದ ಕೂಡಲೇ ಕಡ್ಡಿಯ ತುದಿಯನ್ನು ಎರಡು ಮೂರು ಸೆಂಟಿಮೀಟರ್ ತೆಗೆಯಬೇಕು ಎನ್ನುವುದು ಇದಕ್ಕಾಗಿ. ಬಕೆಟ್ ನೀರಿನೊಳಗೆ ಕೈಯಿಟ್ಟು ಕತ್ತರಿಸಿದರೆ ಗಾಳಿಗೆ ಅವಕಾಶವೇ ಇರದು. ಓರೆಯಾಗಿ ಕತ್ತರಿಸುವುದರಿಂದ ನೀರು ಹೆಚ್ಚು ಏರುತ್ತದೆ ಎಂಬ ಮಾತನ್ನು ಅತಿಯಾಗಿ ನಂಬಬೇಕಿಲ್ಲ. ಕಡ್ಡಿಯ ತುದಿ ಪಾತ್ರೆಯ ತಳಕ್ಕೆ ಚಪ್ಪಟೆಯಾಗಿ ಅಂಟದಂತೆ ನಿಲ್ಲುತ್ತದೆ ಎಂಬುದೇ ಅದರ ಮುಖ್ಯ ಉಪಯೋಗ. ಕತ್ತರಿ ಮೊಂಡಾಗಿದ್ದರೆ ನಾಳಗಳು ಜಜ್ಜಿಹೋಗುತ್ತವೆ. ಹರಿತವಾದ ಚಾಕು ಮೇಲು.

ಗಾಳಿಗಿಂತ ದೊಡ್ಡ ಶತ್ರು ಬ್ಯಾಕ್ಟೀರಿಯ. ಕಡ್ಡಿ ಕತ್ತರಿಸಿದಲ್ಲಿಂದ ಸಕ್ಕರೆ, ಪ್ರೊಟೀನುಗಳು ನೀರಿಗೆ ಸೋರುತ್ತವೆ. ಮುಳುಗಿದ ಎಲೆಗಳು ಕೊಳೆಯುತ್ತವೆ. ಎರಡೂ ಸೇರಿ ಸೂಕ್ಷ್ಮಜೀವಿಗಳಿಗೆ ಹಬ್ಬ. ಒಂದೆರಡು ದಿನದಲ್ಲೇ ಅವು ಮತ್ತು ಅವುಗಳ ಲೋಳೆ ನಾಳದ ಬಾಯನ್ನು ಮುಚ್ಚುತ್ತವೆ. ಕಡ್ಡಿಯೂ ತನಗಾದ ಗಾಯಕ್ಕೆ ಪ್ರತಿಕ್ರಿಯೆಯಾಗಿ ನಾಳದೊಳಗೆ ತಾನೇ ತಡೆಗಳನ್ನು ಕಟ್ಟಿಕೊಳ್ಳುತ್ತದೆ. ಹೀಗೆ ಹೂ ಬುಡದ ತುಂಬ ನೀರಿಟ್ಟುಕೊಂಡೇ ಬಾಯಾರಿ ಒಣಗುತ್ತದೆ. ಗುಲಾಬಿಯ ಕತ್ತು ಮೊಗ್ಗಿನ ಕೆಳಗೆ ಬಾಗುವುದಕ್ಕೆ ವಯಸ್ಸಾಗಿದ್ದು ಕಾರಣವಲ್ಲ, ಬಾಯಾರಿಕೆ ಕಾರಣ. ಆದ್ದರಿಂದಲೇ ಅದನ್ನು ಎಷ್ಟೋ ಸಲ ಉಳಿಸಬಹುದು: ತುದಿಯನ್ನು ನೀರೊಳಗೆ ಕತ್ತರಿಸಿ, ಇಡೀ ಕಡ್ಡಿಯನ್ನು ಹೂವಿನ ಸಮೇತ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಅಡ್ಡ ಮಲಗಿಸಿದರೆ ಕತ್ತು ನೆಟ್ಟಗಾಗುತ್ತದೆ.

ಈ ಕಾರಣಗಳನ್ನು ತಿಳಿದುಕೊಂಡರೆ ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹೂದಾನಿಯನ್ನು ಊಟದ ತಟ್ಟೆಯಷ್ಟೇ ಶುಚಿಯಾಗಿ ಸೋಪಿನಿಂದ ಉಜ್ಜಿ ತೊಳೆಯಬೇಕು. ಹಿಂದಿನ ಹೂವಿನ ಲೋಳೆ ಒಳಗೋಡೆಗೆ ಅಂಟಿದ್ದರೆ ಹೊಸ ನೀರು ಹಾಕಿಯೂ ವ್ಯರ್ಥ. ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಎಲೆಯೂ ಇರಬಾರದು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಕಡ್ಡಿಗಳನ್ನು ತೊಳೆದು, ತುದಿ ಕತ್ತರಿಸಿ ಹೊಸ ನೀರಿಗಿಡಬೇಕು. ಮೇಲಿಂದ ಮೇಲೆ ನೀರು ತುಂಬಿಸುತ್ತ ಹೋಗುವ ನಮ್ಮ ಕಚೇರಿಗಳ ರೂಢಿ ಕೊಳಕು ನೀರನ್ನು ತೆಳುವಾಗಿಸುತ್ತದೆ, ಅಷ್ಟೆ.

ನೀರು

ಹೂವಿಗೆ ಹಿತವಾದ ನೀರು ಲವಣ ಕಡಿಮೆ ಇರುವ, ತುಸು ಹುಳಿಯಾದ ನೀರು. ಬಯಲುಸೀಮೆಯ ಕೊಳವೆಬಾವಿಯ ನೀರು ಇದಕ್ಕೆ ತದ್ವಿರುದ್ಧ, ಗಡಸು ಮತ್ತು ಕ್ಷಾರೀಯ. ಅದನ್ನು ಉಪ್ಪು ಬಳಸುವ ಮೆದುಕಾರಕ ಯಂತ್ರದಲ್ಲಿ ಹಾಯಿಸಿದರೆ ಸೋಡಿಯಂ ಹೆಚ್ಚಿ ಗುಲಾಬಿ, ಕಾರ್ನೇಷನ್‌ಗಳಿಗೆ ಮತ್ತೂ ಕೆಡುಕು. ಅಡುಗೆಮನೆಯ ಆರ್‌ಒ ಯಂತ್ರದ ನೀರು ಒಳ್ಳೆಯದು, ಮಳೆನೀರೂ ಒಳ್ಳೆಯದು. ಇನ್ನೊಂದು ಸಂಗತಿ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಸಂಬಂಧಿಸಿದ್ದು. ಗ್ಲಾಡಿಯೋಲಸ್ ಮತ್ತು ಜರ್ಬೆರಾಗಳಿಗೆ ಫ್ಲೋರೈಡ್ ಆಗದು. ಲೀಟರಿಗೆ ಒಂದು ಮಿಲಿಗ್ರಾಂನಷ್ಟಿದ್ದರೂ ಅಂಚು ಸುಟ್ಟಂತಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಇಟ್ಟಿರುವ ಸ್ವೀಕಾರಾರ್ಹ ಮಿತಿಯೂ ಅಷ್ಟೇ. ಆ ಊರುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಈ ಮಿತಿಯನ್ನು ಮೀರಿದೆ. ಹೂ ಕೆಟ್ಟರೆ ಅಂಗಡಿಯವನನ್ನು ದೂರುವ ಮುನ್ನ ನೀರನ್ನು ಅನುಮಾನಿಸುವುದು ಒಳ್ಳೆಯದು.

ಎಷ್ಟು ಆಳ ನೀರು ಬೇಕೆಂಬುದು ಹೂವಿಗೆ ತಕ್ಕಂತೆ. ಗುಲಾಬಿ, ಸೇವಂತಿಗೆಗೆ ಪಾತ್ರೆಯ ಅರ್ಧಕ್ಕಿಂತ ಹೆಚ್ಚು. ಜರ್ಬೆರಾದ ದಂಟು ಮೃದು, ರೋಮಮಯ, ಬೇಗ ಕೊಳೆಯುವಂಥದ್ದು. ಅದಕ್ಕೆ ನಾಲ್ಕು ಬೆರಳು ನೀರು ಸಾಕು.

ಆಹಾರ ಮತ್ತು ಔಷಧ

ಗಿಡದಿಂದ ಬೇರ್ಪಟ್ಟ ಹೂವಿಗೆ ಎಲೆಗಳು ಉಣಿಸುತ್ತಿದ್ದ ಸಕ್ಕರೆ ನಿಂತುಹೋಗುತ್ತದೆ. ಮೊಗ್ಗು ಅರಳಬೇಕಾದರೆ ದಳದ ಕೋಶಗಳು ಹಿಗ್ಗಬೇಕು, ಅದಕ್ಕೆ ಸಕ್ಕರೆ ಬೇಕು. ಸುಗಂಧರಾಜ, ಗ್ಲಾಡಿಯೋಲಸ್‌ಗಳಂತೆ ಕಡ್ಡಿಯುದ್ದಕ್ಕೂ ಕೆಳಗಿನಿಂದ ಒಂದೊಂದೇ ಅರಳುವ ಹೂಗಳಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಬರಿ ನೀರಿನಲ್ಲಿಟ್ಟರೆ ತುದಿಯ ಮೊಗ್ಗುಗಳು ಅರಳದೆ ಉದುರುತ್ತವೆ. ಗ್ಲಾಡಿಯೋಲಸ್ ಬೆಳೆಗಾರರು ಮಾರುಕಟ್ಟೆಗೆ ಕಳಿಸುವ ಮೊದಲು ಶೇ. 20ರ ಸಕ್ಕರೆ ದ್ರಾವಣವನ್ನು ಒಂದು ರಾತ್ರಿ ಕುಡಿಸುವುದುಂಟು. ಹೂದಾನಿಗೆ ಶೇ. 1ರಿಂದ 2 ಸಾಕು.

ಬರಿ ಸಕ್ಕರೆ ಹಾಕುವುದು ಮಾತ್ರ ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಮೊದಲು ತಿನ್ನುವುದು ಬ್ಯಾಕ್ಟೀರಿಯ. ಹೂ ಪೊಟ್ಟಣದ ಜೊತೆ ಬರುವ ಪುಡಿಯಲ್ಲಿ ಅದಕ್ಕಾಗಿಯೇ ಮೂರು ಅಂಶಗಳಿರುತ್ತವೆ: ಸಕ್ಕರೆ, ನೀರನ್ನು ಹುಳಿಯಾಗಿಸುವ ಸಿಟ್ರಿಕ್ ಆಮ್ಲ, ಸೂಕ್ಷ್ಮಜೀವಿನಾಶಕ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಎರಡರಿಂದ ಮೂರು ಚಹಾ ಚಮಚ ಸಕ್ಕರೆ, ಒಂದೆರಡು ಚಮಚ ನಿಂಬೆರಸ, ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣ ಸುಮಾರು ಒಂದು ಮಿಲಿಲೀಟರ್ ಬೆರೆಸಿದರೆ ಹೆಚ್ಚುಕಡಿಮೆ ಅದೇ ಫಲ. ಬ್ಲೀಚನ್ನೂ ನಿಂಬೆರಸವನ್ನೂ ನೀರಿಲ್ಲದೆ ನೇರವಾಗಿ ಕೂಡಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಣ್ಣವಿಲ್ಲದ ನಿಂಬೆ ಸೋಡಾ ಪಾನೀಯವನ್ನು ಒಂದಕ್ಕೆ ಮೂರರಷ್ಟು ನೀರಿನಲ್ಲಿ ಕಲಸಿ ಎರಡು ಹನಿ ಬ್ಲೀಚ್ ಹಾಕುವುದೂ ನಡೆಯುತ್ತದೆ. ಸಕ್ಕರೆರಹಿತ ಬಾಟಲಿ ಮಾತ್ರ ಬೇಡ. ಹುಳಿ ಸೇರಿದ ನೀರನ್ನು ಹಿತ್ತಾಳೆ, ತಾಮ್ರ ಅಥವಾ ಸತು ಲೇಪಿಸಿದ ಪಾತ್ರೆಯಲ್ಲಿಟ್ಟರೆ ಲೋಹ ಕರಗಿ ಹೂವಿಗೂ ಪಾತ್ರೆಗೂ ಹಾನಿ. ಗಾಜು, ಪಿಂಗಾಣಿ ಸುರಕ್ಷಿತ.

ಆಸ್ಪಿರಿನ್ ಮಾತ್ರೆ ನೀರನ್ನು ತುಸು ಹುಳಿ ಮಾಡುತ್ತದೆ ನಿಜ. ಆ ಕೆಲಸಕ್ಕೆ ನಿಂಬೆಹಣ್ಣು ಸಾಕು, ಅಗ್ಗವೂ ಹೌದು. ತಳಕ್ಕೆ ತಾಮ್ರದ ಕಾಸು ಹಾಕುವ ಪದ್ಧತಿಯಲ್ಲಿ, ತಣ್ಣೀರಿನಲ್ಲಿ ಬೇಕಾದಷ್ಟು ತಾಮ್ರ ಕರಗುವುದಿಲ್ಲ. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳಂತೂ ಸ್ಟೇನ್‌ಲೆಸ್ ಸ್ಟೀಲಿನವು. ಗಟ್ಟಿ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಬೇಕೆಂಬ ಸಲಹೆ ಹಳೆಯ ಪುಸ್ತಕಗಳಲ್ಲಿ ಧಾರಾಳ. ಜಜ್ಜಿದ ತುದಿ ಕೊಳೆಯಲು ಸುಲಭ ಎಂಬುದು ಅದರ ನಿಜವಾದ ಫಲ.

ಎಥಿಲೀನ್

ಶಿಕಾಗೋದ ಹಸಿರುಮನೆಗಳಲ್ಲಿ ಕಾರ್ನೇಷನ್ ಹೂಗಳು ಅರಳಿದ ಮೇಲೂ ಮುದುಡಿ ಮುಚ್ಚಿಕೊಳ್ಳುತ್ತಿದ್ದವು. ಬೆಳೆಗಾರರು ಇದನ್ನು ಹೂವಿನ ‘ನಿದ್ರೆ’ ಎನ್ನುತ್ತಿದ್ದರು. 1908ರಲ್ಲಿ ವಿಲಿಯಂ ಕ್ರಾಕರ್ ಮತ್ತು ಲೀ ನೈಟ್ ಇದರ ಮೂಲ ಹುಡುಕಿ, ದೀಪಕ್ಕೆಂದು ಕೊಳವೆಗಳಲ್ಲಿ ಬರುತ್ತಿದ್ದ ಅನಿಲದ ಸೋರಿಕೆ, ಅದರಲ್ಲೂ ಎಥಿಲೀನ್ ಕಾರಣವೆಂದು ತೋರಿಸಿದರು. ಗಾಳಿಯ 20 ಲಕ್ಷ ಪಾಲಿನಲ್ಲಿ ಒಂದು ಪಾಲಿದ್ದರೂ 12 ಗಂಟೆಯಲ್ಲಿ ಅರಳಿದ ಕಾರ್ನೇಷನ್ ಮುಚ್ಚಿಕೊಳ್ಳುತ್ತಿತ್ತು. ಇದೇ ಅನಿಲ ಸಸ್ಯಗಳ ಮೇಲೆ ಪರಿಣಾಮ ಬೀರುವುದನ್ನು ರಷ್ಯಾದ ಡಿಮಿಟ್ರಿ ನೆಲ್ಯುಬೊವ್ 1901ರಲ್ಲೇ ಬಟಾಣಿ ಮೊಳಕೆಗಳಲ್ಲಿ ಕಂಡಿದ್ದರು. ಗಿಡ ಎಥಿಲೀನನ್ನು ತಾನೇ ತಯಾರಿಸುತ್ತದೆ, ಅದು ಹಣ್ಣಾಗುವ ಮತ್ತು ಬಾಡುವ ಸೂಚನೆ ಕೊಡುವ ಹಾರ್ಮೋನು ಎಂಬುದು ಸ್ಪಷ್ಟವಾದದ್ದು ಆಮೇಲೆ.

ಬಾಳೆಗೊನೆ, ಮಾವಿನಹಣ್ಣುಗಳು ಹಣ್ಣಾಗುವಾಗ ಈ ಅನಿಲವನ್ನು ಹೊರಬಿಡುತ್ತವೆ. ಹಣ್ಣಿನ ಬುಟ್ಟಿಯ ಪಕ್ಕ ಹೂದಾನಿ ಇಡುವುದು ಚಿತ್ರದಲ್ಲಿ ಚೆಂದ, ಮೇಜಿನ ಮೇಲಲ್ಲ. ಅರೆಬರೆ ಉರಿಯುವ ಸಸ್ಯವಸ್ತುವಿನ ಹೊಗೆಯಲ್ಲೂ ಎಥಿಲೀನ್ ಇರುವುದರಿಂದ ಊದುಬತ್ತಿ, ಸಾಂಬ್ರಾಣಿಯ ಕೋಣೆಯಿಂದ ಕಾರ್ನೇಷನ್, ಆರ್ಕಿಡ್, ಜಿಪ್ಸೋಫಿಲಾಗಳನ್ನು ದೂರ ಇಡುವುದು ಲೇಸು. ಜರ್ಬೆರಾ, ಸೇವಂತಿಗೆಗಳಿಗೆ ಇದರ ಬಾಧೆ ಅಷ್ಟಿಲ್ಲ. ಕುಂಭದ ಪಕ್ಕದಲ್ಲೇ ಧೂಪ ಹಾಕುವ ನಮ್ಮ ದೇವರಮನೆಗಳಲ್ಲಿ ಸೇವಂತಿಗೆಗೆ ಏನೂ ಆಗದಿರುವುದು ಹೀಗೆ. ಬಾಡಿದ ಹೂವೂ ಎಥಿಲೀನ್ ಸೂಸುತ್ತದೆ. ಗುಚ್ಛದಲ್ಲಿ ಒಂದು ಬಾಡಿದರೆ ಅದನ್ನು ತೆಗೆಯುವುದು ಅಂದಕ್ಕಷ್ಟೇ ಅಲ್ಲ. ಪರಾಗಸ್ಪರ್ಶವಾದ ಆರ್ಕಿಡ್ ಹೂವೂ ಇದರಿಂದಲೇ ತಟ್ಟನೆ ಬಾಡುತ್ತದೆ.

ಬೆಳ್ಳಿಯ ಅಯಾನು ಎಥಿಲೀನನ್ನು ತಡೆಯುತ್ತದೆಂದು 1976ರಲ್ಲಿ ತಿಳಿಯಿತು. ಎರಡೇ ವರ್ಷದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಸಿಲ್ವರ್ ಥಯೋಸಲ್ಫೇಟನ್ನು ಕಾರ್ನೇಷನ್‌ಗೆ ಕುಡಿಸಿ ಬಾಳಿಕೆಯನ್ನು ಬಹಳ ಹೆಚ್ಚಿಸಿದರು. ಬಳಸಿ ಚೆಲ್ಲಿದ ಬೆಳ್ಳಿ ನೀರು ಪರಿಸರಕ್ಕೆ ಹೊರೆಯಾದ್ದರಿಂದ ಬದಲಿಯ ಹುಡುಕಾಟ ನಡೆಯಿತು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲಾಂಕೆನ್‌ಶಿಪ್ ಕಂಡುಹಿಡಿದ 1-ಮೀಥೈಲ್‌ಸೈಕ್ಲೊಪ್ರೊಪೀನ್ ಎಂಬ ಅನಿಲ ಆ ಜಾಗ ತುಂಬಿತು. ಇದು ಬೆಳೆಗಾರರ, ಸಾಗಣೆದಾರರ ಮಟ್ಟದ ಉಪಚಾರ. ಮನೆಯಲ್ಲಿ ಮಾಡುವಂಥದ್ದಲ್ಲ.

ತಂಪು

ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಹೂವಿನ ಉಸಿರಾಟದ ವೇಗ ಎರಡು ಮೂರು ಪಟ್ಟಾಗುತ್ತದೆ, ಕೂಡಿಟ್ಟ ಆಹಾರ ಅಷ್ಟೇ ಬೇಗ ಕರಗುತ್ತದೆ. ವ್ಯಾಪಾರದಲ್ಲಿ ಗುಲಾಬಿ, ಕಾರ್ನೇಷನ್, ಸೇವಂತಿಗೆಗಳನ್ನು ಸೊನ್ನೆಯಿಂದ 2 ಡಿಗ್ರಿಯಲ್ಲಿ ಇಡುತ್ತಾರೆ. ಉಷ್ಣವಲಯದ ಆಂಥೂರಿಯಂ, ಹೆಲಿಕೋನಿಯಾ, ಬಹುಪಾಲು ಆರ್ಕಿಡ್‌ಗಳಿಗೆ ಈ ಚಳಿಯೇ ಪೆಟ್ಟು. ಅವನ್ನು 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಕಪ್ಪಾಗುತ್ತವೆ. ಮನೆಯ ಫ್ರಿಜ್ಜಿನಲ್ಲಿ ರಾತ್ರಿ ಗುಲಾಬಿ ಇಡುವವರು ಒಳಗೆ ಹಣ್ಣಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಹೂದಾನಿಗೆ ಬಿಸಿಲು ಬೀಳುವ ಕಿಟಕಿಗಿಂತ ಕೆಟ್ಟ ಜಾಗ ಸೀಲಿಂಗ್ ಫ್ಯಾನಿನ ನೇರ ಕೆಳಗಿನದು. ಬೀಸುವ ಗಾಳಿ ದಳ, ಎಲೆಗಳ ಸುತ್ತಲಿನ ತೇವವನ್ನು ಒರಸಿಕೊಂಡು ಹೋಗುತ್ತದೆ, ಕಡ್ಡಿ ಅಷ್ಟು ವೇಗವಾಗಿ ನೀರು ಒದಗಿಸಲಾರದು. ದಕ್ಷಿಣ ಭಾರತದ ನಡುಮನೆಗಳಲ್ಲಿ ಮೇಜೂ ಫ್ಯಾನೂ ಕೋಣೆಯ ನಡುಮಧ್ಯದಲ್ಲೇ ಇರುವುದು ಹೂವಿನ ದುರದೃಷ್ಟ.

ಕೆಲವು ಹೂಗಳ ವಿಶೇಷ

ಕೊಳ್ಳುವಾಗಿನ ಹಂತ ಮುಖ್ಯ. ಗುಲಾಬಿಯ ಹೊರಗಿನ ಒಂದೆರಡು ದಳ ಬಿಚ್ಚಿಕೊಳ್ಳುತ್ತಿರಬೇಕು. ಕಲ್ಲಿನಂತೆ ಬಿಗಿಯಾದ ಮೊಗ್ಗು ಅರಳದೆ ಕತ್ತು ಬಾಗುತ್ತದೆ. ಗ್ಲಾಡಿಯೋಲಸ್‌ನ ಕೆಳಗಿನ ಕೆಲವು ಮೊಗ್ಗುಗಳಲ್ಲಿ ಬಣ್ಣ ಇಣುಕಿದರೆ ಸಾಕು. ಅದನ್ನು ಅಡ್ಡ ಮಲಗಿಸಿ ಸಾಗಿಸಿದರೆ ತುದಿ ಮೇಲ್ಮುಖವಾಗಿ ಡೊಂಕಾಗಿ, ಮತ್ತೆ ನೇರವಾಗುವುದಿಲ್ಲ. ಜರ್ಬೆರಾ ಪೂರ್ತಿ ಅರಳಿದ್ದನ್ನೇ ಕೊಳ್ಳಬೇಕು, ಮೊಗ್ಗಾಗಿ ಕೊಯ್ದರೆ ಅದು ಹೂದಾನಿಯಲ್ಲಿ ಅರಳದು. ಸುಗಂಧರಾಜದಲ್ಲಿ ಒಂಟಿ ಸುತ್ತಿನದು ಮಾಲೆಗೆ, ಹಲವು ಸುತ್ತಿನದು ಹೂದಾನಿಗೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ‘ಸುವಾಸಿನಿ’ ಎರಡನೆಯ ಬಗೆಯದು, ‘ಶೃಂಗಾರ್’ ಮೊದಲನೆಯದು.

ಹೈಡ್ರೇಂಜಿಯದ ತಲೆ ಸೊರಗಿದರೆ ಹೂವನ್ನೇ ನೀರಿನಲ್ಲಿ ಮುಳುಗಿಸಬಹುದು. ಅದು ದಳಗಳಂಥ ಭಾಗದಿಂದಲೂ ನೀರು ಹೀರುತ್ತದೆ. ಪಾಯಿನ್‌ಸೆಟಿಯ ಮುಂತಾದ ಹಾಲು ಸುರಿಸುವ ಕಡ್ಡಿಗಳ ತುದಿಯನ್ನು ಕೆಲವು ಸೆಕೆಂಡು ಕುದಿನೀರಿಗೆ ಅದ್ದಿದರೆ ಹಾಲು ನಿಲ್ಲುತ್ತದೆ. ನಾರ್ಸಿಸಸ್ ಹೂವಿನ ಲೋಳೆರಸ ಜೊತೆಗಿರುವ ಟ್ಯೂಲಿಪ್‌ಗಳನ್ನು ಕೆಡಿಸುತ್ತದೆ ಎಂಬುದು ನಮಗಿಂತ ಯುರೋಪಿನ ಕನ್ನಡಿಗರಿಗೆ ಬೇಕಾದ ಎಚ್ಚರ. ಕಣಗಿಲೆ ಹೂದಾನಿಗೆ ಒಗ್ಗಿದರೂ ಅದರ ರಸ ವಿಷ, ನಿಂತ ನೀರೂ ಮಕ್ಕಳ ಕೈಗೆ ಸಿಗಬಾರದು. ಲಿಲ್ಲಿ ಹೂವಿನ ಪರಾಗ, ಅದು ನಿಂತ ನೀರು ಕೂಡ ಬೆಕ್ಕುಗಳಿಗೆ ಪ್ರಾಣಾಂತಿಕ.

ಹೂ ನಿಲ್ಲಿಸಲು ಬಳಸುವ ಹಸಿರು ಸ್ಪಂಜನ್ನು ಅಮೆರಿಕದ ಓಹಾಯೊದಲ್ಲಿ ವರ್ನನ್ ಸ್ಮಿದರ್ಸ್ 1954ರಲ್ಲಿ ರೂಪಿಸಿದರು. ಅದು ಫೀನಾಲ್-ಫಾರ್ಮಾಲ್ಡಿಹೈಡ್ ಪ್ಲಾಸ್ಟಿಕ್. ಪುಡಿಯಾಗುತ್ತದೆ, ಕೊಳೆಯುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ಜಪಾನಿನ ಮುಳ್ಳುತಟ್ಟೆ ಕೆಂಜಾನ್, ಉಂಡೆಮಾಡಿದ ತಂತಿಬಲೆ ಇದೇ ಕೆಲಸವನ್ನು ಮಾಡುತ್ತವೆ, ವರ್ಷಗಟ್ಟಲೆ ಬಾಳುತ್ತವೆ.

ಒಣಗಿಸಿ ಇಡುವುದು

ನೀರಿನ ಆರೈಕೆ ಮುಗಿದ ಮೇಲೂ ಹೂ ಬೇಕೆನಿಸಿದರೆ ಒಣಗಿಸಬೇಕು, ಅದೂ ಬಾಡುವ ಮುನ್ನವೇ. ತಲೆಕೆಳಗಾಗಿ ಕತ್ತಲ, ಗಾಳಿಯಾಡುವ ಜಾಗದಲ್ಲಿ ತೂಗುಹಾಕುವುದು ಹಳೆಯ ವಿಧಾನ; ಕಾಗದದಂಥ ದಳದ ಹೆಲಿಕ್ರೈಸಮ್, ಸ್ಟ್ಯಾಟಿಸ್‌ಗಳಿಗೆ ಇಷ್ಟೇ ಸಾಕು. ಗುಲಾಬಿಯ ಆಕಾರ ಉಳಿಯಬೇಕಾದರೆ ಸಿಲಿಕಾ ಜೆಲ್ ಹರಳುಗಳಲ್ಲಿ ಹೂವನ್ನು ನಿಧಾನವಾಗಿ ಹೂತು, ಡಬ್ಬಿ ಮುಚ್ಚಿ ಕೆಲವು ದಿನ ಬಿಡಬೇಕು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಹೀಗೆ ನಿರ್ಜಲೀಕರಿಸಿದ ಹೂಗಳಿಂದ ಕರಕುಶಲ ವಸ್ತು ಮಾಡುವ ತಂತ್ರಜ್ಞಾನ ರೂಪಿಸಿ ತರಬೇತಿ ಕೊಡುತ್ತಿದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಣಹೂ ಗಾಳಿಯ ತೇವ ಹೀರಿ ಬೂಸು ಹಿಡಿಯುತ್ತದೆ. ಅಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ಬಳಸಿದ ಸಿಲಿಕಾ ಹರಳನ್ನು ಓವನ್ನಿನಲ್ಲಿ ಬಿಸಿ ಮಾಡಿ ತೇವ ಹಾರಿಸಿದರೆ ಮತ್ತೆ ಬಳಸಬಹುದು.